ಚಿಲಕ ಸಮೇತ ಹೊರಟ ಗೋಡೆ

ಅಮೆರಿಕದ ಫಿಲಡೆಲ್ಫಿಯಾದ ಬಾರ್ನ್ಸ್ ಸಂಗ್ರಹದ ದೊಡ್ಡ ಕೋಣೆಯಲ್ಲಿ, ಪಡುವಣ ಗೋಡೆಯ ನಡುಮಧ್ಯದಲ್ಲಿ ಫ್ರೆಂಚ್ ಚಿತ್ರಕಾರ ಸೆಜಾನ್ ಬರೆದ ಇಸ್ಪೀಟಾಟದ ಚಿತ್ರವಿದೆ. ಮೇಜಿನ ಸುತ್ತ ಮೂವರು ಆಡುತ್ತಿದ್ದಾರೆ, ಒಬ್ಬ ಗೋಡೆಗೆ ಒರಗಿ ನಿಂತಿದ್ದಾನೆ, ಪಕ್ಕದಲ್ಲಿ ಒಬ್ಬ ಹುಡುಗ. ಅದರ ನೆತ್ತಿಯ ಮೇಲೆ ಸೆರಾ ಚುಕ್ಕಿ ಚುಕ್ಕಿಯಾಗಿ ಬರೆದ ರೂಪದರ್ಶಿಯರ ಭಾರಿ ಚಿತ್ರ. ಎಡಬಲಗಳಲ್ಲಿ ಬೇರೆ ಚಿತ್ರಗಳು, ಅವುಗಳ ನಡುವೆ ಬಿಟ್ಟ ಜಾಗದಲ್ಲಿ ಹಳೆಯ ಮನೆಗಳಿಂದ ಕಳಚಿ ತಂದ ಕಬ್ಬಿಣದ ಚಿಲಕ, ಬಾಗಿಲ ಕೀಲು, ಬೀಗದ ಕಣ್ಣಿನ ತಗಡು. ಯಾವುದರ ಕೆಳಗೂ ವಿವರಣೆಯ ಚೀಟಿ ಇಲ್ಲ. 2011ರ ಜುಲೈ 3ರವರೆಗೆ ಇದೇ ಚಿತ್ರಗಳು, ಇದೇ ಚಿಲಕಗಳು, ಇದೇ ಅಂತರದಲ್ಲಿ ಸುಮಾರು 8 ಕಿಲೋಮೀಟರ್ ದೂರದ ಮೆರಿಯನ್ ಎಂಬ ಊರಿನ ಇನ್ನೊಂದು ಗೋಡೆಯ ಮೇಲಿದ್ದವು. 2012ರ ಮೇ 19ರಂದು ಇಲ್ಲಿ ಬಾಗಿಲು ತೆರೆದಾಗ ನೋಡಿದವರಿಗೆ ಅದೇ ಗೋಡೆ ಎದ್ದು ಬಂದು ನಿಂತ ಹಾಗಿತ್ತು.

ಈ ಸಂಗ್ರಹದ ಕತೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಇದೇ. ಒಂದು ಚಿಲಕವೂ ಜಾಗ ತಪ್ಪದಂತೆ ಇಡೀ ಸಂಗ್ರಹವನ್ನು ಎತ್ತಿ ಇಟ್ಟ ಮೇಲೂ, ದಾನಿ ಬಾರ್ನ್ಸ್ ಅವರ ಮಾತು ಮುರಿಯಿತು ಎಂದು ಹತ್ತು ವರ್ಷ ಕೋರ್ಟಿಗೆ ಅಲೆದವರ ನೋವು ಸುಳ್ಳೆಂದು ನನಗೆ ಅನಿಸುವುದಿಲ್ಲ. ಹಾಗಾದರೆ ಮುರಿದದ್ದು ಎಲ್ಲಿ? ಗೋಡೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ. ಅದು ದತ್ತಿಪತ್ರದ ಬೇರೆ ಕಲಮುಗಳಲ್ಲಿದೆ ಎಂಬುದು ನನ್ನ ತಿಳುವಳಿಕೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಗೋಡೆಯೇ ಪಾಠ

ಆಲ್ಬರ್ಟ್ ಬಾರ್ನ್ಸ್ 1872ರಲ್ಲಿ ಫಿಲಡೆಲ್ಫಿಯಾದ ಕೂಲಿಕಾರರ ಬೀದಿಯಲ್ಲಿ ಹುಟ್ಟಿದವರು. ವೈದ್ಯಕೀಯ ಓದಿದರು, ಆದರೆ ಹಣ ಬಂದದ್ದು ಔಷಧಿಯ ಕಾರ್ಖಾನೆಯಿಂದ. ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಹಿಲ್ಲೆ ಜೊತೆ ಸೇರಿ ತಯಾರಿಸಿದ ಆರ್ಜಿರಾಲ್ ಎಂಬ ಬೆಳ್ಳಿಯ ಸಂಯುಕ್ತವನ್ನು ಹಸುಗೂಸುಗಳ ಕಣ್ಣಿಗೆ ಹನಿಯಾಗಿ ಹಾಕುತ್ತಿದ್ದರು. ತಾಯಿಯಿಂದ ತಗಲುವ ಸೋಂಕಿನಿಂದ ಮಗು ಕುರುಡಾಗುವುದನ್ನು ಅದು ತಡೆಯುತ್ತಿತ್ತು. 1912ರಲ್ಲಿ ಶಾಲೆಯ ಗೆಳೆಯ, ಚಿತ್ರಕಾರ ವಿಲಿಯಂ ಗ್ಲ್ಯಾಕನ್ಸ್ ಕೈಗೆ 20,000 ಡಾಲರ್ ಕೊಟ್ಟು ಪ್ಯಾರಿಸ್‌ಗೆ ಕಳಿಸಿದರು. ಅವರು ತಂದ ಚಿತ್ರಗಳಲ್ಲಿ ವ್ಯಾನ್ ಗೋ ಬರೆದ ಅಂಚೆಯವನೂ ಇದ್ದ. 1929ರ ಜುಲೈನಲ್ಲಿ, ಷೇರುಪೇಟೆ ಕುಸಿಯುವ ಮೂರು ತಿಂಗಳ ಮೊದಲು, ಬಾರ್ನ್ಸ್ ಕಂಪನಿಯನ್ನು ಮಾರಿ ಹಣ ಎಣಿಸಿಕೊಂಡಿದ್ದರು. ಎಲ್ಲರೂ ಮಾರುವ ಕಾಲದಲ್ಲಿ ಕೊಳ್ಳಲು ಅವರ ಕೈಯಲ್ಲಿ ದುಡ್ಡಿತ್ತು. ಈಗ ಸಂಗ್ರಹದಲ್ಲಿ ರೆನ್ವಾರ್‌ನ 181, ಸೆಜಾನ್‌ನ 69, ಮಾತೀಸ್‌ನ 59 ಕೃತಿಗಳಿವೆ.

ಸಂಖ್ಯೆಗಿಂತ ಮುಖ್ಯವಾದದ್ದು ಅವರು ಇವನ್ನು ಏತಕ್ಕೆ ಇಟ್ಟರು ಎಂಬುದು. ಕಾರ್ಖಾನೆಯಲ್ಲಿ ಕಪ್ಪು ಮತ್ತು ಬಿಳಿ ಕೆಲಸಗಾರರು ಒಟ್ಟಿಗೆ ದುಡಿಯುತ್ತಿದ್ದರು. ಎಂಟು ಗಂಟೆಯ ಪಾಳಿಯಲ್ಲಿ ಎರಡು ಗಂಟೆ ಓದಿಗೆ, ಚರ್ಚೆಗೆ ಮೀಸಲು. ಗೋಡೆಗೆ ಚಿತ್ರ ತೂಗುಹಾಕಿ ಅದರ ಮುಂದೆ ಮಾತು. ಆ ತರಗತಿಯೇ 1922ರಲ್ಲಿ ಪ್ರತಿಷ್ಠಾನವಾಯಿತು. ತತ್ವಜ್ಞಾನಿ ಜಾನ್ ಡ್ಯೂಯಿ ಅದರ ಶಿಕ್ಷಣ ವಿಭಾಗದ ಮೊದಲ ನಿರ್ದೇಶಕರು. ಮೆರಿಯನ್‌ನಲ್ಲಿ 12 ಎಕರೆ ಮರಗಳ ತೋಟ ಕೊಂಡು, ಪಾಲ್ ಕ್ರೆ ಎಂಬ ವಾಸ್ತುಶಿಲ್ಪಿಯಿಂದ ಸುಣ್ಣಕಲ್ಲಿನ ಕಟ್ಟಡ ಕಟ್ಟಿಸಿ 1925ರಲ್ಲಿ ತೆರೆದರು. ಕಾಗದದಲ್ಲಿ ಅದು ವಸ್ತುಸಂಗ್ರಹಾಲಯವಲ್ಲ, ಶಾಲೆ. ಈ ಒಂದು ಪದ ಮುಂದೆ ಕೋರ್ಟಿನಲ್ಲಿ ಬಹಳ ಸಲ ಬರುತ್ತದೆ.

ಶಾಲೆಯ ಪಠ್ಯಪುಸ್ತಕ ಎಂದರೆ ಗೋಡೆ. ಬೆಳಕು, ಗೆರೆ, ಬಣ್ಣ, ಅವಕಾಶ ಎಂಬ ನಾಲ್ಕನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಮೊದಲು ಮಾತಾಡಬಾರದು ಎಂಬುದು ಬಾರ್ನ್ಸ್ ಕ್ರಮ. ಬರೆದವರು ಯಾರು, ಯಾವ ವರ್ಷ, ಯಾವ ಪಂಥ ಎಂಬುದೆಲ್ಲ ಆಮೇಲೆ. ಅದಕ್ಕೇ ವಿವರಣೆಯ ಚೀಟಿ ಇಲ್ಲ. ನಡುವೆ ಒಂದು ದೊಡ್ಡ ಚಿತ್ರ, ಎರಡು ಪಕ್ಕಕ್ಕೂ ಸರಿಜೋಡಿಯಾಗಿ ಚಿಕ್ಕವು, ಕೆಳಗೆ ಪೆಟ್ಟಿಗೆಯೋ ಕುರ್ಚಿಯೋ, ಅದರ ಮೇಲೆ ಹೂಜಿ. ರೆನ್ವಾರ್ ಬರೆದ ಹೆಂಗಸಿನ ತೋಳಿನ ಬಾಗು ಪಕ್ಕದ ಕಬ್ಬಿಣದ ಕೀಲಿನಲ್ಲಿ ಮತ್ತೆ ಕಾಣಬೇಕು. ಆಫ್ರಿಕದ ಮುಖವಾಡದ ಮೂಗಿನ ಗೆರೆ ಮೊಡಿಲ್ಯಾನಿಯ ಚಿತ್ರದಲ್ಲಿ ಸಿಗಬೇಕು. ಕಮ್ಮಾರ ಮತ್ತು ಚಿತ್ರಕಾರ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ ಇದೆ ಈ ಜೋಡಣೆ. 1920ರ ದಶಕದಲ್ಲಿ ಆಫ್ರಿಕದ ಮೂರ್ತಿಗಳನ್ನು ಜನಾಂಗಶಾಸ್ತ್ರದ ಕಪಾಟಿನಲ್ಲಿ ಇಡದೆ ಪಿಕಾಸೊನ ಸಮಕ್ಕೆ ಇಟ್ಟವರು ಅಮೆರಿಕದಲ್ಲಿ ಬಹಳ ಕಡಿಮೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಬಾರ್ನ್ಸ್ ಬದುಕಿದ್ದಷ್ಟು ಕಾಲ ಗೋಡೆಗಳನ್ನು ಬದಲಿಸುತ್ತಲೇ ಇದ್ದರು. ಹೊಸ ಚಿತ್ರ ಬಂದರೆ ಹಳೆಯದು ಸರಿಯುತ್ತಿತ್ತು, ಪಾಠಕ್ಕೆ ಬೇಕಾದ ಹಾಗೆ ಜೋಡಿ ಬದಲಾಗುತ್ತಿತ್ತು. 1951ರ ಜುಲೈ 24ರಂದು, ತಮ್ಮ ನಾಯಿಯ ಜೊತೆ ಕಾರು ಓಡಿಸುತ್ತಿದ್ದಾಗ ನಿಲುಗಡೆಯ ಫಲಕ ದಾಟಿ, ಲಾರಿ ಬಡಿದು ತೀರಿಹೋದರು. ಅವತ್ತು ಹೇಗಿತ್ತೋ ಹಾಗೆ ಗೋಡೆ ನಿಂತಿತು. ಈಗ ನಾವು ಬಾರ್ನ್ಸ್ ಜೋಡಣೆ ಎನ್ನುವುದು ಅವರ ಕೊನೆಯ ಕರಡು.

ಮೂರು ಕಲಮು

ದತ್ತಿಪತ್ರದಲ್ಲಿ ಅವರು ಬರೆಸಿದ್ದನ್ನು ಓದಿದರೆ ಎಷ್ಟು ಯೋಚಿಸಿ ಬರೆದಿದ್ದಾರೆ ಎಂದು ತಿಳಿಯುತ್ತದೆ. ದಾನಿ ಮತ್ತು ಅವರ ಹೆಂಡತಿ ತೀರಿಕೊಂಡ ಸಮಯದಲ್ಲಿ ಚಿತ್ರಗಳು ಎಲ್ಲಿದ್ದವೋ ಸರಿಯಾಗಿ ಅಲ್ಲಿಯೇ ಇರಬೇಕು. ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ. ಕಟ್ಟಡದಲ್ಲಿ ಔತಣ, ಚಹಾಕೂಟ, ಸ್ವಾಗತ ಸಮಾರಂಭ ಕೂಡದು. ದಾನ ಕೊಟ್ಟವರ ಮನಸ್ಸಿಗೆ ಮುಂದಿನವರ ಬಗ್ಗೆ ಇರುವ ಭಯ ನಮಗೆ ಹೊಸದಲ್ಲ. ನಮ್ಮ ದಾನಶಾಸನಗಳ ಕೊನೆಗೆ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ ಇರುತ್ತದಲ್ಲ, ತಾನು ಕೊಟ್ಟದ್ದನ್ನಾಗಲಿ ಇನ್ನೊಬ್ಬರು ಕೊಟ್ಟದ್ದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂದು. ಕಲ್ಲಿನ ಮೇಲೆ ಶಾಪ ಕೊರೆಸಿದವರಿಗೂ, ಪೆನ್ಸಿಲ್ವೇನಿಯಾದ ವಕೀಲರಿಂದ ಕಲಮು ಬರೆಸಿದವರಿಗೂ ಇದ್ದದ್ದು ಒಂದೇ ಆತಂಕ.

ಆದರೆ ಗೋಡೆಯನ್ನು ಕಾಯುವ ಕಲಮಿನಷ್ಟೇ ಬಿಗಿಯಾಗಿ ಹಣದ ಕಲಮನ್ನೂ ಬರೆಸಿದ್ದು ಕೆಡುಕಾಯಿತು. ನಿರ್ವಹಣೆಗೆ ಅವರು ಬಿಟ್ಟುಹೋದ ಮೂಲಧನ ಸುಮಾರು 1 ಕೋಟಿ ಡಾಲರ್. 1951ಕ್ಕೆ ಅದು ದೊಡ್ಡ ಹಣ. ಅದನ್ನು ಸರಕಾರಿ ಬಾಂಡು, ರೈಲ್ವೆ ಬಾಂಡಿನಂಥ ಭದ್ರ ಪತ್ರಗಳಲ್ಲಿ ಮಾತ್ರ ತೊಡಗಿಸಬೇಕು ಎಂಬ ನಿಯಮವಿತ್ತು. 1929ರ ಕುಸಿತ ಕಂಡ ಮನುಷ್ಯ ಷೇರನ್ನು ನಂಬದಿದ್ದದ್ದು ಸಹಜ. ಆದರೆ ಬಾಂಡಿನಿಂದ ಬರುವುದು ನಿಗದಿತ ಬಡ್ಡಿ. ಆ ಬಡ್ಡಿಯನ್ನು ಸಂಬಳಕ್ಕೆ, ಬೆಂಕಿಗೂಡಿನ ಎಣ್ಣೆಗೆ, ಕಾವಲಿಗೆ ಪ್ರತಿ ವರ್ಷ ಖರ್ಚು ಮಾಡಿದರೆ ಮೂಲಧನ ಅಂಕಿಯಲ್ಲಿ ಹಾಗೇ ಇರುತ್ತದೆ, ಬೆಲೆಯಲ್ಲಿ ಕರಗುತ್ತದೆ. 1951ರಿಂದ 2000ದ ಹೊತ್ತಿಗೆ ಅಮೆರಿಕದಲ್ಲಿ ಬೆಲೆಗಳು ಆರು ಪಟ್ಟಿಗೂ ಹೆಚ್ಚು ಏರಿದವು. ಅಂದರೆ ಮೂಲಧನ ನಿಂತಲ್ಲೇ ನಿಲ್ಲಬೇಕಾದರೂ 6 ಕೋಟಿ ಡಾಲರ್ ದಾಟಬೇಕಿತ್ತು. ಅದು ದಾಟಲಿಲ್ಲ. ಬದಲಿಗೆ 1990ರ ದಶಕದ ಮೊಕದ್ದಮೆಗಳಿಗೆ ಕರಗಿ ಹೆಚ್ಚುಕಡಿಮೆ ಬರಿದಾಯಿತು. ಸಾವಿರಾರು ಕೋಟಿ ಬೆಲೆ ಬಾಳುವ ಚಿತ್ರಗಳ ಕೆಳಗೆ ನಿಂತು ಸಂಬಳದ ಹಣ ಹೊಂಚಬೇಕಾದ ಸ್ಥಿತಿ.

ಮೂರನೆಯ ಕಲಮು ಟ್ರಸ್ಟಿಗಳದ್ದು. ಸಾಯುವ ವರ್ಷದ ಹಿಂದೆ, 1950ರಲ್ಲಿ, ಬಾರ್ನ್ಸ್ ಅದನ್ನು ತಿದ್ದಿಸಿದರು. ಇದ್ದ ಐದು ಸ್ಥಾನಗಳಲ್ಲಿ ನಾಲ್ಕಕ್ಕೆ, ಅವು ಖಾಲಿಯಾದ ಹಾಗೆ, ಲಿಂಕನ್ ವಿಶ್ವವಿದ್ಯಾಲಯ ಹೆಸರು ಸೂಚಿಸಬೇಕು ಎಂದರು. 1854ರಲ್ಲಿ ಕಪ್ಪು ಜನರಿಗಾಗಿ ಹುಟ್ಟಿದ ಸಂಸ್ಥೆ ಅದು. ಅದರ ಅಂದಿನ ಅಧ್ಯಕ್ಷ ಹೊರೇಸ್ ಮಾನ್ ಬಾಂಡ್ ಬಾರ್ನ್ಸ್ ಅವರ ಸ್ನೇಹಿತರು. ಫಿಲಡೆಲ್ಫಿಯಾದ ಸಿರಿವಂತ ಕಲಾವಲಯ 1923ರಲ್ಲಿ ಅವರ ಚಿತ್ರಗಳನ್ನು ಹೀಯಾಳಿಸಿತ್ತು. ಆ ವಲಯದ ಕೈಗೆ ಇದು ಸಿಗಬಾರದು, ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾಲಯದ ಕೈಯಲ್ಲಿ ಇರಬೇಕು ಎಂಬುದು ಅವರ ನಿರ್ಧಾರ. ಜಗತ್ತಿನ ಇಷ್ಟು ದೊಡ್ಡ ಚಿತ್ರಸಂಗ್ರಹವೊಂದನ್ನು 1950ರ ಅಮೆರಿಕದಲ್ಲಿ ಹೀಗೆ ಒಪ್ಪಿಸಿದ್ದು ಚಿಕ್ಕ ಮಾತಲ್ಲ. ನನಗೆ ಈ ಕಲಮೇ ದತ್ತಿಪತ್ರದ ಹೃದಯ ಅನ್ನಿಸುತ್ತದೆ.

52 ಕಾರುಗಳ ಜಾಗ

ಬಾರ್ನ್ಸ್ ಹೋದ ಮೇಲೆ ಬಹಳ ವರ್ಷ ಅವರ ಸಹೋದ್ಯೋಗಿ ವಯಲೆಟ್ ಡಿ ಮಾಜಿಯಾ ಹಿಡಿತದಲ್ಲಿ ಏನೂ ಕದಲಲಿಲ್ಲ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಜನರಿಗೆ ಬಾಗಿಲು ಹಾಕಿದೆ ಎಂಬ ದಾವೆ ನಡೆದು, 1961ರಿಂದ ವಾರಕ್ಕೆ ಎರಡು ದಿನ ಸಾರ್ವಜನಿಕರನ್ನು ಬಿಡುವುದಾಯಿತು. ಡಿ ಮಾಜಿಯಾ 1988ರಲ್ಲಿ ತೀರಿಕೊಂಡರು. 1990ರಲ್ಲಿ ಅಧ್ಯಕ್ಷರಾಗಿ ಬಂದ ರಿಚರ್ಡ್ ಗ್ಲಾಂಟನ್ ಮೊದಲು 15 ಚಿತ್ರ ಮಾರುವ ಮಾತೆತ್ತಿದರು. ಕಲಾಲೋಕವೆಲ್ಲ ಎದ್ದು ನಿಂತಾಗ ಅದನ್ನು ಬಿಟ್ಟು, ಕಟ್ಟಡದ ದುರಸ್ತಿಗೆ ಹಣ ಬೇಕೆಂದು ಆಯ್ದ ಚಿತ್ರಗಳ ಪ್ರವಾಸಕ್ಕೆ ಕೋರ್ಟಿನ ಅನುಮತಿ ಪಡೆದರು. 1993ರಿಂದ 1995ರವರೆಗೆ ಚಿತ್ರಗಳು ವಾಷಿಂಗ್ಟನ್, ಪ್ಯಾರಿಸ್, ಟೋಕಿಯೊ ಎಂದು ಸುತ್ತಿ ಬಂದವು. ದುರಸ್ತಿ ಆಯಿತು. ಆದರೆ ಸರಿಯಾಗಿ ಅಲ್ಲಿಯೇ ಇರಬೇಕು ಎಂಬ ಕಲಮನ್ನು ಹಣಕ್ಕಾಗಿ ಸಡಿಲಿಸಬಹುದು ಎಂಬ ದಾರಿಯೂ ಆಗಲೇ ತೆರೆಯಿತು. ಸಂಗ್ರಹವನ್ನೇ ಸ್ಥಳಾಂತರಿಸಲು ಕೇಳಿದ 2002ರ ಅರ್ಜಿಗೆ ಬೇಕಾದ ನೆಲ ಹದವಾದದ್ದು ಹೀಗೆ ಎಂದು ನಾನು ಓದಿಕೊಳ್ಳುತ್ತೇನೆ.

ಮತ್ತೆ ತೆರೆಯುವಾಗ 52 ಕಾರು ನಿಲ್ಲಿಸುವ ಜಾಗ ಬೇಕಾಯಿತು. ಅದು ದೊಡ್ಡ ಮನೆಗಳ, ಕಿರಿದಾದ ರಸ್ತೆಯ ಬೀದಿ. ನೆರೆಯವರು ಬಸ್ಸು, ಕಾರು, ಗದ್ದಲ ಎಂದು ಆಕ್ಷೇಪಿಸಿದರು. ಪ್ರತಿಷ್ಠಾನ, ಕಪ್ಪು ಜನರ ಮೇಲಿನ ದೌರ್ಜನ್ಯ ತಡೆಯಲು ಮಾಡಿದ 1871ರ ಕು ಕ್ಲಕ್ಸ್ ಕ್ಲಾನ್ ಕಾಯಿದೆಯ ಅಡಿಯಲ್ಲಿ, ಸ್ಥಳೀಯ ಆಡಳಿತದ ಮೇಲೆ ಜನಾಂಗೀಯ ತಾರತಮ್ಯದ ದಾವೆ ಹೂಡಿತು. ದಾವೆ ಬಿದ್ದುಹೋಯಿತು, ವಕೀಲರ ಫೀಸು ಉಳಿಯಿತು. ವಾರಕ್ಕೆ ಮೂರು ದಿನ, ದಿನಕ್ಕೆ 400 ಜನ ಎಂಬ ಮಿತಿ ಬಂತು. ವರ್ಷಕ್ಕೆ ಸುಮಾರು 62,000 ಜನ. ಟಿಕೆಟ್ಟಿನ ಹಣದಿಂದ ಬದುಕುವ ದಾರಿಗೂ ಹೀಗೆ ಬೇಲಿ ಬಿತ್ತು. ಮೂಲಧನ ಬೆಳೆಯುವಂತಿಲ್ಲ, ಜನ ಹೆಚ್ಚುವಂತಿಲ್ಲ, ಚಿತ್ರ ಮಾರುವಂತಿಲ್ಲ. ಈ ಮೂರು ಬೇಲಿಗಳ ನಡುವೆ ಸಂಸ್ಥೆ ನಿಂತಿತ್ತು. 2007ರಲ್ಲಿ ಅದೇ ಸ್ಥಳೀಯ ಆಡಳಿತ ವರ್ಷಕ್ಕೆ 1,40,000 ಜನರಿಗೆ ಅವಕಾಶ ಮಾಡಿಕೊಟ್ಟಿತು. ಹತ್ತು ವರ್ಷ ಮೊದಲು ಇದಾಗಿದ್ದರೆ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕೇಳುವ ಹಕ್ಕು ಯಾರಿಗೆ

2002ರ ಸೆಪ್ಟೆಂಬರಿನಲ್ಲಿ ಪ್ರತಿಷ್ಠಾನವೇ ಕೋರ್ಟಿಗೆ ಅರ್ಜಿ ಹಾಕಿತು. ಸಂಗ್ರಹವನ್ನು ಫಿಲಡೆಲ್ಫಿಯಾದ ದೊಡ್ಡ ಸಾಲುಮರದ ರಸ್ತೆಗೆ ಒಯ್ಯಬೇಕು, ಟ್ರಸ್ಟಿಗಳ ಸಂಖ್ಯೆಯನ್ನು 5ರಿಂದ 15ಕ್ಕೆ ಏರಿಸಬೇಕು. ಪ್ಯೂ, ಲೆನ್‌ಫೆಸ್ಟ್, ಆ್ಯನೆನ್‌ಬರ್ಗ್ ಎಂಬ ಮೂರು ಶ್ರೀಮಂತ ದತ್ತಿಸಂಸ್ಥೆಗಳು 15 ಕೋಟಿ ಡಾಲರ್ ಕೂಡಿಸಿಕೊಡಲು ಮುಂದೆ ಬಂದಿದ್ದವು. ಹತ್ತು ಕೋಟಿ ಕಟ್ಟಡಕ್ಕೆ, ಐದು ಕೋಟಿ ಮೂಲಧನಕ್ಕೆ. ಷರತ್ತು ಸ್ಪಷ್ಟ. ಹಣ ಬೇಕಿದ್ದರೆ ನಗರಕ್ಕೆ ಬರಬೇಕು. ಮೆರಿಯನ್‌ನಲ್ಲೇ ಉಳಿಸಲು ಇದೇ ಹಣ ಸಿಗುವ ಮಾತಿರಲಿಲ್ಲ.

ದತ್ತಿ, ಉಯಿಲುಗಳ ವ್ಯಾಜ್ಯ ನೋಡುವ ಕೋರ್ಟಿಗೆ ಆ ರಾಜ್ಯದಲ್ಲಿ ಆರ್ಫನ್ಸ್ ಕೋರ್ಟ್ ಎಂದು ಹೆಸರು, ಅನಾಥರ ನ್ಯಾಯಾಲಯ. ನ್ಯಾಯಾಧೀಶ ಸ್ಟ್ಯಾನ್ಲಿ ಆಟ್ ಮುಂದೆ ನಡೆದ ವಿಚಾರಣೆಯಲ್ಲಿ ನನ್ನ ಮನಸ್ಸಿಗೆ ಅಂಟಿಕೊಂಡಿರುವುದು ಕೋಣೆಯೊಳಗೆ ಯಾರು ಎಲ್ಲಿ ಕೂತಿದ್ದರು ಎಂಬ ಚಿತ್ರ. ಅರ್ಜಿದಾರರಾಗಿ ಪ್ರತಿಷ್ಠಾನ. ದಾನಿಯ ಮಾತನ್ನು ಕಾಯಬೇಕಾದ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಅರ್ಜಿದಾರರ ಪಕ್ಕದಲ್ಲೇ. ವಿರೋಧಿಸಿದ್ದ ಲಿಂಕನ್ ವಿಶ್ವವಿದ್ಯಾಲಯ, ರಾಜ್ಯ ಸರಕಾರ ಅದರ ಅಭಿವೃದ್ಧಿಗೆ ಹಣದ ಭರವಸೆ ಕೊಟ್ಟ ಮೇಲೆ ಹಿಂದೆ ಸರಿದಿತ್ತು. ಕೊನೆಗೆ ಎದುರು ಪಕ್ಷ ಎಂದು ಉಳಿದವರು ಮೂವರು ವಿದ್ಯಾರ್ಥಿಗಳು. ಅವರೂ ಕಕ್ಷಿದಾರರಲ್ಲ, ಕೋರ್ಟಿನ ಸ್ನೇಹಿತರೆಂಬ ಸೀಮಿತ ಸ್ಥಾನದಲ್ಲಿ ಮಾತಾಡಲು ಅವಕಾಶ ಪಡೆದವರು. ಸಾರ್ವಜನಿಕ ದತ್ತಿಯಲ್ಲಿ ಜನರ ಪರವಾಗಿ ನಿಲ್ಲುವ ಹಕ್ಕು ಅಟಾರ್ನಿ ಜನರಲ್‌ಗೆ ಮಾತ್ರ ಎಂಬುದು ಅಲ್ಲಿಯ ಕಾನೂನು. ಅವರು ಪ್ರಶ್ನೆ ಕೇಳದಿದ್ದರೆ ಕೇಳುವವರೇ ಇಲ್ಲ. ನ್ಯಾಯಾಧೀಶರೇ 2004ರ ಮೊದಲ ಆದೇಶದಲ್ಲಿ ಈ ಕಚೇರಿ ತನ್ನ ಕೆಲಸ ಮಾಡದೆ ಪ್ರತಿಷ್ಠಾನಕ್ಕೆ ಜೊತೆ ಕೊಟ್ಟಿತೆಂದು ಬೇಸರದಿಂದ ಬರೆದರು.

ಕಾನೂನಿನ ತರ್ಕ ಹೀಗೆ. ದತ್ತಿಯ ಮುಖ್ಯ ಉದ್ದೇಶ ಒಂದು, ಅದನ್ನು ನಡೆಸುವ ಷರತ್ತುಗಳು ಬೇರೆ. ಷರತ್ತನ್ನು ಹಿಡಿದರೆ ಉದ್ದೇಶವೇ ಸಾಯುತ್ತದೆ ಎಂದಾದರೆ, ಉದ್ದೇಶ ಉಳಿಸಲು ಬೇಕಾದಷ್ಟು ಮಾತ್ರ ಷರತ್ತನ್ನು ಸಡಿಲಿಸಬಹುದು. ಹಾಗಾದರೆ ಇದಕ್ಕಿಂತ ಕಡಿಮೆ ಸಡಿಲಿಕೆಯಲ್ಲಿ ಆಗುವುದೇ ಎಂದು ನೋಡಬೇಕು. ಚೆಸ್ಟರ್ ಕೌಂಟಿಯಲ್ಲಿ ಬಾರ್ನ್ಸ್ ಬಿಟ್ಟುಹೋದ ಕೆರ್-ಫೀಲ್ ಎಂಬ 137 ಎಕರೆಯ ತೋಟದಮನೆ ಇತ್ತು. ಗೋಡೆಗೆ ತೂಗುಹಾಕದೆ ಉಗ್ರಾಣದಲ್ಲಿ, ಕಚೇರಿಯಲ್ಲಿ ಇದ್ದ ಕೃತಿಗಳೂ ಇದ್ದವು. ಅವನ್ನು ಮಾರಿದರೆ ಮೆರಿಯನ್‌ನಲ್ಲೇ ಉಳಿಯಬಹುದೇ ಎಂದು ಬೆಲೆ ಕಟ್ಟಿಸಲಾಯಿತು. ಸಾಲದು ಎಂದು ಕೋರ್ಟು ತೀರ್ಮಾನಿಸಿತು. 2004ರ ಡಿಸೆಂಬರ್ 13ರ ಆದೇಶ ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟಿತು. ಶಿಕ್ಷಣ ಮುಖ್ಯ, ಮೆರಿಯನ್ ಎಂಬ ವಿಳಾಸ ಮುಟ್ಟಬಾರದ್ದಲ್ಲ ಎಂಬುದು ಅದರ ತಿರುಳು. ಕೊಠಡಿಗಳ ಜೋಡಣೆ ಮಾತ್ರ ಹೊಸ ಜಾಗದಲ್ಲಿಯೂ ಹಾಗೇ ಇರಬೇಕು.

ಆಮೇಲೆ ತಿಳಿದುಬಂದದ್ದು, 2002ರ ರಾಜ್ಯ ಬಂಡವಾಳ ಬಜೆಟ್ಟಿನಲ್ಲಿ ಬಾರ್ನ್ಸ್ ಹೆಸರಿನಲ್ಲಿ ಹತ್ತು ಕೋಟಿ ಡಾಲರಿಗೂ ಹೆಚ್ಚಿನ ಮಂಜೂರಾತಿ ಇತ್ತು ಎಂದು. ಅರ್ಜಿ ಹಾಕುವಾಗ ಹಣವಿಲ್ಲ ಎಂದವರ ಹೆಸರಿನಲ್ಲೇ ಆ ಸಾಲು ಕೂತಿತ್ತು, ಅದು ವಿಚಾರಣೆಯಲ್ಲಿ ಬರಲೇ ಇಲ್ಲ ಎಂಬುದು ವಿರೋಧಿಗಳ ವಾದ. 2007ರಲ್ಲಿ ಮೆರಿಯನ್ ಸೇರಿರುವ ಮಾಂಟ್ಗೊಮೆರಿ ಕೌಂಟಿಯ ಆಡಳಿತ ಇನ್ನೊಂದು ದಾರಿ ತೋರಿಸಿತು. ಐದು ಕೋಟಿ ಡಾಲರ್ ಬಾಂಡು ಎತ್ತಿ ಮೆರಿಯನ್ ಕಟ್ಟಡ ಮತ್ತು ಜಾಗ ಕೊಳ್ಳುವುದು, ಅದನ್ನು ಪ್ರತಿಷ್ಠಾನಕ್ಕೇ ಗುತ್ತಿಗೆಗೆ ಕೊಡುವುದು, ಬಂದ ಹಣ ಮೂಲಧನವಾಗುವುದು. ಪ್ರತಿಷ್ಠಾನ ಒಲ್ಲೆ ಎಂದಿತು. ಕೌಂಟಿಗಾಗಲಿ, ಊರಿನವರ ಸಂಘಕ್ಕಾಗಲಿ ಕೇಳುವ ಹಕ್ಕಿಲ್ಲ ಎಂದು 2008ರಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಗುಣದೋಷದ ಮೇಲೆ ಸೋಲುವುದು ಒಂದು ರೀತಿ. ಬಾಗಿಲಲ್ಲೇ ನಿಲ್ಲಿಸಿ ನೀನು ಯಾರು ಎಂದು ಕೇಳಿ ಕಳಿಸುವುದು ಇನ್ನೊಂದು. ಆ ಜನರ ಕಹಿ ಇಂದಿಗೂ ಆರದಿರುವುದು ಈ ಎರಡನೆಯದರಿಂದ.

ಅರ್ಧ ಮೀಟರ್

ಒಯ್ಯಬಹುದು, ಒಯ್ದರೆ ಏನಾಗುತ್ತದೆ ಎಂಬ ಮಾತಿಗೆ ಬರುವ ಮೊದಲು ಮಾತೀಸ್‌ನ ನೃತ್ಯದ ಚಿತ್ರದ ಬಗ್ಗೆ ಹೇಳಬೇಕು. 1930ರ ಸೆಪ್ಟೆಂಬರಿನಲ್ಲಿ ಮಾತೀಸ್ ಮೆರಿಯನ್‌ಗೆ ಬಂದಾಗ ಬಾರ್ನ್ಸ್ ಅವರಿಗೆ ದೊಡ್ಡ ಕೋಣೆಯ ದಕ್ಷಿಣದ ಗೋಡೆ ತೋರಿಸಿದರು. ತೋಟಕ್ಕೆ ತೆರೆಯುವ ಮೂರು ಎತ್ತರದ ಗಾಜಿನ ಬಾಗಿಲು, ಮೇಲೆ ಮೂರು ಕಮಾನು. ಕೆಳಗಿನ ಬಾಗಿಲಿಂದ ಬೆಳಕು ಕಣ್ಣಿಗೆ ಹೊಡೆಯುವುದರಿಂದ ಮೇಲಿನ ಕಮಾನು ಕತ್ತಲಾಗಿ ಕಾಣುತ್ತದೆ. ಚಿತ್ರ ಬರೆಯಲು ಇದಕ್ಕಿಂತ ಕಷ್ಟದ ಜಾಗ ಹುಡುಕುವುದು ಕಷ್ಟ. ಒಪ್ಪಿದ ಸಂಭಾವನೆ 30,000 ಡಾಲರ್. ನೀಸ್ ಊರಿನಲ್ಲಿ ಖಾಲಿ ಗ್ಯಾರೇಜೊಂದನ್ನು ಬಾಡಿಗೆಗೆ ಹಿಡಿದು, ಉದ್ದನೆಯ ಬಿದಿರಿನ ಕೋಲಿಗೆ ಇದ್ದಿಲು ಕಟ್ಟಿ ಗೆರೆ ಎಳೆದರು. ಬಣ್ಣ ಹಚ್ಚಿದ ಕಾಗದ ಕತ್ತರಿಸಿ ಗುಂಡುಪಿನ್ನಿನಿಂದ ಚುಚ್ಚಿ, ಸರಿಸಿ, ಮತ್ತೆ ಕತ್ತರಿಸಿ ಜೋಡಿಸಿದರು. ಅವರ ಕೊನೆಗಾಲದ ಕಾಗದದ ಕೃತಿಗಳಿಗೆ ಇಲ್ಲೇ ಬೀಜ ಬಿದ್ದದ್ದು.

1932ರಲ್ಲಿ, ಕೆಲಸ ಬಹಳ ಮುಂದೆ ಹೋದ ಮೇಲೆ, ಅಳತೆ ತಪ್ಪಿರುವುದು ಗೊತ್ತಾಯಿತು. ಕಮಾನುಗಳು ಕೂಡುವ ಕಡೆ ಗೋಡೆಯ ಅಗಲವನ್ನು ತಪ್ಪಾಗಿ ಹಿಡಿಯಲಾಗಿತ್ತು. ಪಕ್ಕದ ಎರಡೂ ಫಲಕಗಳು ತಲಾ ಅರ್ಧ ಮೀಟರಿನಷ್ಟು ಕಿರಿದಾಗಿದ್ದವು. ಅಂಚಿಗೆ ಒಂದಿಷ್ಟು ಬಣ್ಣ ಸೇರಿಸಿದರೆ ಆಗುತ್ತಿರಲಿಲ್ಲವೇ ಅನ್ನಬಹುದು. ಆಗುವುದಿಲ್ಲ, ಏಕೆಂದರೆ ಆ ಚಿತ್ರದಲ್ಲಿ ಕುಣಿಯುವವರ ಕೈಕಾಲು ಕಮಾನಿನ ಅಂಚಿಗೆ ತಗಲಿ ಕತ್ತರಿಸಿಹೋಗುವ ಜಾಗದಲ್ಲೇ ವೇಗ ಇದೆ. ಅಂಚು ಸರಿದರೆ ಕುಣಿತ ನಿಲ್ಲುತ್ತದೆ. ಮಾತೀಸ್ ಇನ್ನೊಂದು ಚಿತ್ರವನ್ನೇ ಬರೆದರು. ಅಳತೆ ತಪ್ಪಿದ್ದು ಈಗ ಪ್ಯಾರಿಸ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಸರಿಯಾದದ್ದನ್ನು 1933ರ ಮೇ ತಿಂಗಳಲ್ಲಿ ಅವರೇ ಬಂದು ಮೆರಿಯನ್‌ನಲ್ಲಿ ಕೂಡಿಸಿದರು. ಬೂದುಬಣ್ಣದ ಮೈಗಳ ಹಿಂದೆ ಗುಲಾಬಿ, ನೀಲಿ, ಕಪ್ಪಿನ ದಪ್ಪ ಪಟ್ಟಿಗಳು ಕೆಳಗಿನ ಬಾಗಿಲುಗಳ ಪ್ರಖರ ಬೆಳಕಿಗೆ ಸರಿತೂಗುವಂತೆ ಇಟ್ಟವು.

ಹೀಗೆ ಕಟ್ಟಡಕ್ಕೆ ಹೊಲಿದ ಅಂಗಿಯಂಥ ಚಿತ್ರವನ್ನು ಬೇರೆ ಕಡೆ ಒಯ್ದಾಗ, ಹೊಸ ಕಟ್ಟಡದಲ್ಲಿ ಚಿತ್ರಕ್ಕೆ ತಕ್ಕಂತೆ ಕಮಾನು ಕಟ್ಟಬೇಕಾಯಿತು.

ಪೆಟ್ಟಿಗೆ, ಪಟ್ಟಿ, ಮೊಳೆ

ಇಂಥ ಸಾಗಣೆಯ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅದನ್ನು ಮಾಡಿದವರ ಬಗ್ಗೆ ಗೌರವ ಹುಟ್ಟುತ್ತದೆ. ಮೊದಲು ಗೋಡೆಯ ದಾಖಲೆ. ನೆಲದಿಂದ ಒಂದು ಸಮಪಾತಳಿಯ ಗೆರೆಯನ್ನು ಲೇಸರ್‌ನಿಂದ ಎಳೆದು, ಪ್ರತಿ ಚೌಕಟ್ಟಿನ ನಾಲ್ಕು ಮೂಲೆ, ಪ್ರತಿ ಮೊಳೆ, ಪ್ರತಿ ಚಿಲಕದ ದೂರವನ್ನು ಆ ಗೆರೆಯಿಂದಲೇ ಅಳೆಯಬೇಕು. ಪಕ್ಕದ ಚೌಕಟ್ಟಿನಿಂದ ಅಳೆಯುತ್ತ ಹೋದರೆ ಒಂದೊಂದು ಮಿಲಿಮೀಟರಿನ ತಪ್ಪು ಕೂಡಿ ಗೋಡೆಯ ಕೊನೆಯಲ್ಲಿ ಎರಡು ಸೆಂಟಿಮೀಟರ್ ಆಗುತ್ತದೆ. ಹಳೆಯ ಗಾರೆಯ ಗೋಡೆ ಎಲ್ಲೂ ನೇರ ಇರುವುದಿಲ್ಲ, ಹೊಸ ಗೋಡೆ ನೇರ ಇರುತ್ತದೆ. ಅಂಕಿಯನ್ನೇ ನಂಬಿದರೆ ಕಣ್ಣಿಗೆ ವಾರೆಯಾಗಿ ಕಾಣುವುದುಂಟು. ಕೊನೆಗೆ ಹಿಂದಿನ ಫೋಟೊ ಹಿಡಿದು ಕಣ್ಣಿನಿಂದಲೇ ಒಪ್ಪಿಸಬೇಕು.

ಆಮೇಲೆ ಪ್ರತಿ ಚಿತ್ರಕ್ಕೂ ಸ್ಥಿತಿ ವರದಿ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದ ಬಣ್ಣದ ಹಕ್ಕಳೆ, ಬಟ್ಟೆಯ ಸುಕ್ಕು ಕಾಣುತ್ತವೆ. ಸಡಿಲವಾದ ಹಕ್ಕಳೆಯನ್ನು ಅಂಟಿನಿಂದ ಕೂರಿಸದೆ ಕದಲಿಸುವಂತಿಲ್ಲ. ಗಾಜಿದ್ದರೆ ಅದರ ಮೇಲೆ ಪಟ್ಟಿ ಅಂಟಿಸಬೇಕು, ಒಡೆದರೂ ಚೂರು ಚಿತ್ರಕ್ಕೆ ಬೀಳದ ಹಾಗೆ. ಪೆಟ್ಟಿಗೆಯ ಹೊರಗೆ ಪ್ಲೈವುಡ್, ಒಳಗೆ ಫೋಮ್, ಮುಚ್ಚಳದ ಅಂಚಿಗೆ ರಬ್ಬರು. ಮೂಲೆಗೆ ಕೊಡುವ ಫೋಮ್ ಗಟ್ಟಿಯಾದರೆ ನಡುಕ ನೇರ ಚಿತ್ರಕ್ಕೆ ದಾಟುತ್ತದೆ, ಮೆತ್ತಗಾದರೆ ಚೌಕಟ್ಟು ತೂಕಕ್ಕೆ ಕೆಳಗೆ ಕೂರುತ್ತದೆ. ಲಾರಿಯಲ್ಲಿ ಚಿತ್ರ ನೆಟ್ಟಗೆ, ಲಾರಿ ಓಡುವ ದಿಕ್ಕಿಗೆ ಸಮಾನಾಂತರವಾಗಿ ನಿಲ್ಲಬೇಕು. ಅಡ್ಡಲಾಗಿ ನಿಲ್ಲಿಸಿದರೆ ಒಂದೊಂದು ಬ್ರೇಕಿಗೂ ಬಟ್ಟೆ ಡೋಲಿನ ಚರ್ಮದಂತೆ ಅದುರುತ್ತದೆ. ತಲುಪಿದ ಮೇಲೆ ಪೆಟ್ಟಿಗೆಯನ್ನು 24 ಗಂಟೆ ಮುಚ್ಚಿಯೇ ಇಟ್ಟು ಒಳಗಿನ ಗಾಳಿ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು. ಮರದ ಹಲಗೆಯ ಮೇಲೆ ಬರೆದ ಚಿತ್ರಗಳಿಗೆ ಇದು ಇನ್ನೂ ಮುಖ್ಯ, ತೇವ ಹೆಚ್ಚುಕಡಿಮೆಯಾದರೆ ಹಲಗೆ ಸೆಟೆದು ಬಣ್ಣ ಬಿರುಕು ಬಿಡುತ್ತದೆ. ಕಬ್ಬಿಣದ ಚಿಲಕಗಳಿಗೂ ಕೈಗವಸು ಬೇಕು. ಬೆರಳ ಬೆವರಿನ ಉಪ್ಪು ಸಾಕು, ಆರು ತಿಂಗಳಲ್ಲಿ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ.

ದೂರ 8 ಕಿಲೋಮೀಟರ್ ಎಂದು ಈ ಕೆಲಸದಲ್ಲಿ ಯಾವುದೂ ಕಡಿಮೆಯಾಗುವುದಿಲ್ಲ. ಅಪಾಯ ಇರುವುದು ರಸ್ತೆಯಲ್ಲಲ್ಲ. ಗೋಡೆಯಿಂದ ಇಳಿಸುವ, ಗೋಡೆಗೆ ಏರಿಸುವ ಐದೈದು ನಿಮಿಷಗಳಲ್ಲಿ.

ಹೊಸ ಬೆಳಕು

ಟಾಡ್ ವಿಲಿಯಮ್ಸ್ ಮತ್ತು ಬಿಲ್ಲಿ ಸಿಯೆನ್ ಕಟ್ಟಿದ ಹೊಸ ಕಟ್ಟಡ ಒಳ್ಳೆಯದೆಂದು ಒಪ್ಪಿಕೊಳ್ಳಬೇಕು. ನೆಗೆವ್ ಮರುಭೂಮಿಯ ಸುಣ್ಣಕಲ್ಲಿನ ಹೊದಿಕೆ, ಮೇಲೆ ಉದ್ದಕ್ಕೂ ಬೆಳಕಿನ ಪೆಟ್ಟಿಗೆಯಂಥ ಮಾಡು. ಒಳಗೆ ಮೆರಿಯನ್‌ನ ಕೊಠಡಿಗಳ ಆಕಾರ, ಕ್ರಮ, ಅಳತೆ ಹಾಗೇ ಇವೆ. ಮೆರಿಯನ್‌ನಲ್ಲಿ ಮಬ್ಬಾಗಿದ್ದ ಮೂಲೆಗಳಲ್ಲಿ ಈಗ ಬಣ್ಣ ಕಾಣುತ್ತದೆ. ನಡುನಡುವೆ ತರಗತಿ, ಒಳತೋಟ ಸೇರಿಸಿ ಕಣ್ಣಿಗೆ ವಿರಾಮ ಕೊಟ್ಟಿದ್ದಾರೆ. ಮಾತೀಸ್‌ನ ‘ಬದುಕಿನ ಸಂತಸ’ದ ದೊಡ್ಡ ಚಿತ್ರ ಮೆರಿಯನ್‌ನಲ್ಲಿ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಇತ್ತು, ಹತ್ತಿ ಇಳಿಯುವವರು ಓರೆಗಣ್ಣಿನಿಂದ ನೋಡಬೇಕಿತ್ತು. ಇಲ್ಲಿ ಅದಕ್ಕೆ ತನ್ನದೇ ಕೋಣೆ ಸಿಕ್ಕಿದೆ. ಜೋಡಣೆ ಹಾಗೇ ಇರಬೇಕೆಂಬ ಮಾತಿಗೆ ಇದೊಂದು ತಿದ್ದುಪಡಿ. ಚಿತ್ರಕ್ಕೆ ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಆ ಚಿತ್ರದ ಹಳದಿ ಮಾತ್ರ ಎಲ್ಲಿಟ್ಟರೂ ಮರಳುವುದಿಲ್ಲ. ಕ್ಯಾಡ್ಮಿಯಂ ಸಲ್ಫೈಡ್ ಎಂಬ ಆ ಬಣ್ಣ ಬೆಳಕು, ಗಾಳಿಗೆ ಸಲ್ಫೇಟಾಗಿ ಬದಲಾಗಿ, ಕೆಲವು ಕಡೆ ದಂತದಂತೆ ಬೆಳ್ಳಗೆ, ಕೆಲವು ಕಡೆ ಕಂದು ಬಣ್ಣಕ್ಕೆ ತಿರುಗಿರುವುದನ್ನು ಎಕ್ಸ್‌ರೇ ಪರೀಕ್ಷೆಗಳು ತೋರಿಸಿವೆ. ಸರಿಯಾಗಿ ಅಲ್ಲಿಯೇ ಇರಬೇಕು ಎಂದು ಬರೆದಿಟ್ಟರೂ ಬಣ್ಣದೊಳಗಿನ ರಸಾಯನ ಕೇಳುವುದಿಲ್ಲ.

ಜನ ಬಂದರು. ಮೊದಲ ವರ್ಷದಲ್ಲೇ ಮೂರು ಲಕ್ಷ ದಾಟಿದರು. ಬಸ್ಸಿನಲ್ಲಿ ಬರುವ ಶಾಲೆಯ ಮಕ್ಕಳಿಗೆ ಮೆರಿಯನ್‌ನ ಬೀದಿಗಿಂತ ಇದು ಹತ್ತಿರ. ಕಾರ್ಖಾನೆಯ ಕೂಲಿಯವರಿಗಾಗಿ ಚಿತ್ರ ತೂಗುಹಾಕಿದ ಮನುಷ್ಯನಿಗೆ ಈ ಮಾತು ಹಿಡಿಸುತ್ತಿತ್ತು. ಸ್ಥಳಾಂತರದ ಪರ ಇದಕ್ಕಿಂತ ಬಲವಾದ ವಾದ ನನಗೆ ಕಂಡಿಲ್ಲ, ಇದನ್ನು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ.

ಆದರೆ ಲಿಂಕನ್ ವಿಶ್ವವಿದ್ಯಾಲಯಕ್ಕೆ ಈಗ ಸಿಕ್ಕಿರುವುದು 15ರಲ್ಲಿ 5 ಸ್ಥಾನ. ಐದರಲ್ಲಿ ನಾಲ್ಕು ಎಂದರೆ ತೀರ್ಮಾನ ಅವರ ಕೈಯಲ್ಲಿ, ಹದಿನೈದರಲ್ಲಿ ಐದು ಎಂದರೆ ಅವರೂ ಇದ್ದಾರೆ ಎಂದು ಅಷ್ಟೆ. ಚೌಕಟ್ಟುಗಳ ಅಂತರ ಅಳೆಯಲು ಲೇಸರ್ ಹಿಡಿದವರು ಇದ್ದರು. ಈ ಅಂತರವನ್ನು ಹಾಗೇ ಉಳಿಸಿಕೊಡಿ ಎಂದು ಕೋರ್ಟಿನಲ್ಲಿ ಕೊನೆಯವರೆಗೂ ಹಟ ಹಿಡಿದವರು ಯಾರೂ ಇರಲಿಲ್ಲ. ಚಿಲಕ ಬದಲಾಗದೆ ಉಳಿದ ಗೋಡೆಯ ಹಿಂದೆ ಬದಲಾದದ್ದು ಇದು. 2023ರಲ್ಲಿ ಎರವಲು ಕೊಡಲಿಕ್ಕೂ ಕೋರ್ಟಿನ ಒಪ್ಪಿಗೆ ಸಿಕ್ಕಿತು. ದತ್ತಿಪತ್ರದ ಒಂದೊಂದೇ ಕಲಮು ಹೀಗೆ ಸಡಿಲವಾಗುತ್ತ ಬಂದಿದೆ.

ಮೆರಿಯನ್‌ನ ಕಟ್ಟಡ ಖಾಲಿ ಬಿದ್ದಿಲ್ಲ. ಪಕ್ಕದ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡು 2023ರಲ್ಲಿ ಅಲ್ಲಿ ತನ್ನ ಕಲಾಸಂಗ್ರಹಾಲಯ ತೆರೆಯಿತು. ಮರಗಳ ತೋಟಕ್ಕೂ ಆರೈಕೆ ನಡೆದಿದೆ. ಹೊರಗೋಡೆಯಲ್ಲಿ ಜಾಕ್ ಲಿಪ್ಶಿಟ್ಸ್ ಕೆತ್ತಿದ ಉಬ್ಬುಶಿಲ್ಪಗಳು ಹಾಗೇ ಇವೆ, ಅವು ಗೋಡೆಯ ಭಾಗವಾದ್ದರಿಂದ ಯಾವ ಪೆಟ್ಟಿಗೆಗೂ ಹೋಗಲಿಲ್ಲ. ಬಾಗಿಲ ಸುತ್ತ ಆಫ್ರಿಕದ ಮೂರ್ತಿಗಳ ಮಾದರಿಯಲ್ಲಿ ಮಾಡಿಸಿದ ಬಿಲ್ಲೆಗಳೂ ಅಲ್ಲೇ. ಒಳಗೆ ಏನು ಕಾದಿದೆ ಎಂದು ಬಂದವರಿಗೆ ಬಾಗಿಲಲ್ಲೇ ತಿಳಿಯಲಿ ಎಂದು ಬಾರ್ನ್ಸ್ ಮಾಡಿಸಿದ ಬಿಲ್ಲೆಗಳು ಅವು. ಆ ಮೂರ್ತಿಗಳನ್ನು ನೋಡಬೇಕೆಂದರೆ ಬಾಗಿಲ ಬಳಿಯಿಂದ ಹೊರಟು ನಗರದವರೆಗೆ ಹೋಗಬೇಕು.